ಇಸಿಎಚ್‌ಎಲ್: ತಂಡ ಊರು ಬಿಟ್ಟು ಹೋದರೆ ಅದರ ಇತಿಹಾಸ ಯಾರದು?

ಸಾಲ್ಟ್‌ಲೇಕ್ ಕನ್ನಡಿಗ:

ಅಮೆರಿಕದ ಐಸ್ ಹಾಕಿ ಲೀಗ್ ಇಸಿಎಚ್‌ಎಲ್‌ನಲ್ಲಿ ಆಡುವ ಯೂಟಾ ಗ್ರಿಜ್ಲೀಸ್ ತಂಡ ಮಾರಾಟವಾಗಿದ್ದು ಎಲ್ಲರಿಗೂ ಗೊತ್ತು. 2025–26 ಇಲ್ಲಿನ ಕೊನೆಯ ಸೀಸನ್. 2026–27ರಿಂದ ಆ ಜಾಗ ನ್ಯೂಜೆರ್ಸಿಯ ಟ್ರೆಂಟನ್‌ಗೆ. 2024ರಲ್ಲಿ ಅರಿಜೋನಾದಿಂದ ಐಸ್ ಹಾಕಿಯ ಅತಿ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ತಂಡವೇ ಸಾಲ್ಟ್‌ಲೇಕ್‌ಗೆ ಬಂದ ಮೇಲೆ ಗ್ರಿಜ್ಲೀಸ್ ಜಾಸ್ತಿ ದಿನ ಉಳಿಯಲ್ಲ ಅಂತ ಇಲ್ಲಿ ಬಹಳ ಜನ ಹೇಳುತ್ತಿದ್ದರು. ಹೇಳಿದ ಹಾಗೇ ಆಯಿತು, ಆದರೂ ಬೇಜಾರು ಹೋಗುತ್ತಿಲ್ಲ. ದೊಡ್ಡ ಲೀಗಿನ ಟಿಕೆಟ್ ದರದಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಗ್ರಿಜ್ಲೀಸ್ ಆಡುವ, ಸಾಲ್ಟ್‌ಲೇಕ್ ಪಕ್ಕದ ವೆಸ್ಟ್ ವ್ಯಾಲಿಯ ಮಾವೆರಿಕ್ ಸೆಂಟರ್‌ನಲ್ಲಿ ಗಾಜಿನ ಪಕ್ಕದಲ್ಲೇ ಕೂತು ನೋಡಬಹುದಿತ್ತು, ಪಕ್ (ಆಟದ ರಬ್ಬರ್ ಬಿಲ್ಲೆ) ಬಂದು ಬೋರ್ಡಿಗೆ ಹೊಡೆದರೆ ನಮ್ಮ ಮೊಣಕಾಲಿಗೇ ಅದುರು ಗೊತ್ತಾಗುತ್ತಿತ್ತು.

ನಾನು ಈ ಚರ್ಚೆ ಶುರು ಮಾಡಿದ್ದು ಅಳುವುದಕ್ಕಲ್ಲ. ಒಂದು ಪ್ರಶ್ನೆ ಇದೆ. ತಂಡ ಹೋದ ಮೇಲೆ ಇಪ್ಪತ್ತು ವರ್ಷದ ಲೆಕ್ಕ, ದಾಖಲೆ, ನೆನಪು ಇದೆಲ್ಲ ಯಾರ ಪಾಲಿಗೆ? ಲೀಗಿನ ಪ್ರಕಾರ ಅದು ಸದಸ್ಯತ್ವದ ಜೊತೆ, ಅಂದರೆ ಲೀಗಿನಲ್ಲಿ ತಂಡ ಆಡಿಸುವ ಹಕ್ಕಿನ ಜೊತೆ ಹೋಗುತ್ತದೆ. ನನ್ನ ಪ್ರಕಾರ ಅದು ಊರಿನದು.

ಸದಸ್ಯತ್ವ ಅಂದರೆ ಏನು ಅಂತ ಗ್ರಿಜ್ಲೀಸ್ ಉದಾಹರಣೆಯಲ್ಲೇ ನೋಡಿ. 1988ರಲ್ಲಿ ಲೀಗ್ ಶುರುವಾದಾಗ ಇದ್ದದ್ದು ಐದೇ ತಂಡ: ಈರಿ ಪ್ಯಾಂಥರ್ಸ್, ಜಾನ್ಸ್‌ಟೌನ್ ಚೀಫ್ಸ್, ನಾಕ್ಸ್‌ವಿಲ್ ಚೆರೋಕೀಸ್, ಕೆರೊಲಿನಾ ಥಂಡರ್‌ಬರ್ಡ್ಸ್, ವರ್ಜೀನಿಯಾ ಲ್ಯಾನ್ಸರ್ಸ್. ಈ ಲ್ಯಾನ್ಸರ್ಸ್ ಆಡುತ್ತಿದ್ದದ್ದು ರೋನೋಕ್ ಪಕ್ಕದ ವಿಂಟನ್ ಎಂಬ ಪುಟ್ಟ ಊರಿನಲ್ಲಿ, ಲ್ಯಾನ್ಸರ್‌ಲಾಟ್ ಅನ್ನುವ ರಿಂಕ್‌ನಲ್ಲಿ. ಆಮೇಲೆ ಹೆಸರು ರೋನೋಕ್ ವ್ಯಾಲಿ ರೆಬೆಲ್ಸ್ ಆಯಿತು, ಮತ್ತೆ ರ‍್ಯಾಂಪೇಜ್ ಆಯಿತು. 1993ರ ಮಾರ್ಚ್‌ನಲ್ಲಿ ದೊಡ್ಡ ಹಿಮಗಾಳಿ ಬಂತು, ಹಿಮದ ಭಾರಕ್ಕೆ ರಿಂಕಿನ ಮಾಡು ಕುಸಿಯಿತು. ತಂಡ ಅಲಬಾಮದ ಹಂಟ್ಸ್‌ವಿಲ್‌ಗೆ ಹೋಯಿತು, ಅಲ್ಲಿ ಒಂದೇ ಸೀಸನ್. ಅಲ್ಲಿಂದ ಫ್ಲಾರಿಡಾದ ಟ್ಯಾಲಹಾಸಿ, 2001ರಲ್ಲಿ ಜಾರ್ಜಿಯಾದ ಮೇಕನ್, ಮರುವರ್ಷ ಕೆಂಟಕಿಯ ಲೆಕ್ಸಿಂಗ್ಟನ್. ಆಮೇಲೆ ಎರಡು ವರ್ಷ ಆ ಸದಸ್ಯತ್ವ ಸುಮ್ನೆ ಮಲಗಿತ್ತು. 2005ರಲ್ಲಿ ಅದೇ ನಮ್ಮ ಗ್ರಿಜ್ಲೀಸ್ ಆಗಿ ಎದ್ದು ಬಂತು.

ಅಂದರೆ ಕಾಗದದ ಮೇಲೆ ವಿಂಟನ್‌ನ ರಿಂಕಿಗೂ ವೆಸ್ಟ್ ವ್ಯಾಲಿಯ ನಮಗೂ ಒಂದೇ ವಂಶ. ಈಗ ಟ್ರೆಂಟನ್‌ನವರೂ ಅದೇ ವಂಶ. ಇದನ್ನು ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ನಿಮಗೇನು ಅನ್ನಿಸುತ್ತದೆ?

ಬಸವನಗುಡಿ ಹುಡುಗ:

ನಾನು ಬೆಂಗಳೂರಿನಿಂದ ಎನ್‌ಎಚ್‌ಎಲ್ ಮಾತ್ರ ನೋಡುವವನು, ಕೆಳಗಿನ ಲೀಗ್‌ಗಳು ಅಷ್ಟಾಗಿ ಗೊತ್ತಿಲ್ಲ. ಐಪಿಎಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಹೋಗಿ ಅದೇ ಹೈದರಾಬಾದ್‌ಗೆ ಸನ್‌ರೈಸರ್ಸ್ ಬಂತಲ್ಲ, ಚಾರ್ಜರ್ಸ್ 2009ರಲ್ಲಿ ಗೆದ್ದ ಕಪ್ ಸನ್‌ರೈಸರ್ಸ್ ಖಾತೆಗೆ ಸೇರಲಿಲ್ಲ. ಊರು ಅದೇ, ತಂಡ ಬೇರೆ. ಇಲ್ಲಿ ಅದರ ಉಲ್ಟಾ ಅಂತ ಕಾಣುತ್ತದೆ. ಆದರೆ ಇಷ್ಟೊಂದು ಸಲ ಊರು ಬದಲಾಯಿಸುವುದು ಯಾಕೆ? ಅದು ಮೊದಲು ಹೇಳಿ.

ಸಾಲ್ಟ್‌ಲೇಕ್ ಕನ್ನಡಿಗ:

ಒಳ್ಳೆ ಪ್ರಶ್ನೆ. ಮೇಲೆ ಎನ್‌ಎಚ್‌ಎಲ್, ಅದರ ಕೆಳಗೆ ಎಎಚ್‌ಎಲ್, ಅದರ ಕೆಳಗೆ ಇಸಿಎಚ್‌ಎಲ್. ಎನ್‌ಎಚ್‌ಎಲ್ ತಂಡಗಳು ಇಲ್ಲಿ ತಮ್ಮ ಹುಡುಗರನ್ನು ಬೆಳೆಸುತ್ತವೆ. ಜೊನಾಥನ್ ಕ್ವಿಕ್ ರೀಡಿಂಗ್‌ನಲ್ಲಿ ಆಡಿದವನು, ಬ್ರೇಡನ್ ಹೋಲ್ಟ್‌ಬಿ ಸೌತ್ ಕೆರೊಲಿನಾದಲ್ಲಿ, ಜೋರ್ಡನ್ ಬಿನ್ನಿಂಗ್ಟನ್ ಕಲಮಜೂದಲ್ಲಿ. ಮೂವರೂ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದ ಗೋಲ್‌ಕೀಪರ್‌ಗಳು. ಕೋಚ್ ಜೇರೆಡ್ ಬೆಡ್ನರ್ ಸೌತ್ ಕೆರೊಲಿನಾ ಸ್ಟಿಂಗ್‌ರೇಸ್‌ನಲ್ಲಿ ಆಟಗಾರನಾಗಿಯೂ ಇಸಿಎಚ್‌ಎಲ್‌ನ ಕೆಲ್ಲಿ ಕಪ್ ಗೆದ್ದರು, 2009ರಲ್ಲಿ ಕೋಚ್ ಆಗಿಯೂ ಗೆದ್ದರು. 2022ರಲ್ಲಿ ಕೊಲರಾಡೊ ಜೊತೆ ಸ್ಟಾನ್ಲಿ ಕಪ್.

ಆದರೆ ದುಡ್ಡು ಕಡಿಮೆ. ಆಟಗಾರರಿಗೆ ವಾರದ ಲೆಕ್ಕದಲ್ಲಿ ಸಂಬಳ, ಇರಲು ಮನೆ ತಂಡವೇ ಕೊಡಬೇಕು. 72 ಪಂದ್ಯದ ಸೀಸನ್, ಅದರಲ್ಲಿ 36 ಮಾತ್ರ ಸ್ವಂತ ಊರಿನಲ್ಲಿ. ಟಿವಿ ದುಡ್ಡು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಆ 36 ರಾತ್ರಿ ಜನ ಬಂದು ಟಿಕೆಟ್ ತೆಗೆದುಕೊಂಡು ಜರ್ಸಿ, ಬಿಯರ್, ಪಾಪ್‌ಕಾರ್ನ್ ಕೊಂಡರೆ ಮಾತ್ರ ಮಾಲೀಕ ಉಳಿಯುತ್ತಾನೆ. ಅರೀನಾ ಸಾಮಾನ್ಯವಾಗಿ ತಂಡದ್ದಲ್ಲ, ಊರಿನ ಆಡಳಿತದ್ದೋ ಇನ್ಯಾರದ್ದೋ. ಬಾಡಿಗೆ ಒಪ್ಪಂದ ಮುರಿದರೆ ತಂಡ ಬೀದಿಗೆ ಬಂತು ಅಂತಲೇ ಲೆಕ್ಕ. ಲಾಸ್ ವೇಗಸ್ ರ‍್ಯಾಂಗ್ಲರ್ಸ್ 2014ರಲ್ಲಿ ನಿಂತದ್ದು ಆಡಲು ಜಾಗ ಇಲ್ಲದೆ.

ಇನ್ನೊಂದು, ಪ್ರಯಾಣ. ಅಕ್ಕಪಕ್ಕದಲ್ಲಿ ನಾಲ್ಕು ತಂಡ ಇದ್ದರೆ ಬಸ್ಸಿನಲ್ಲಿ ಹೋಗಿ ಬರಬಹುದು. ಪಕ್ಕದ ತಂಡ ಹೋದರೆ ನಿಮ್ಮ ಖರ್ಚು ಏರುತ್ತದೆ, ನೀವೂ ಹೋಗುತ್ತೀರಿ, ಆಮೇಲೆ ನಿಮ್ಮ ಪಕ್ಕದವರು.

ಆಂಕರೇಜ್ ಅಭಿಮಾನಿ:

ಕೊನೆಯ ಮಾತಿಗೆ ನಾನೇ ಸಾಕ್ಷಿ ಹೇಳಬಲ್ಲೆ. ಅಲಾಸ್ಕಾ ಏಸಸ್ ಮೂರು ಸಲ ಕೆಲ್ಲಿ ಕಪ್ ಗೆದ್ದ ತಂಡ, 2006, 2011, 2014. 2004–05ರಲ್ಲಿ ಎನ್‌ಎಚ್‌ಎಲ್ ಲಾಕೌಟ್ ಆಗಿ ಆಟ ನಿಂತಾಗ ಆಂಕರೇಜ್‌ನವನೇ ಆದ ಸ್ಕಾಟ್ ಗೋಮೆಜ್ ಊರಿಗೆ ವಾಪಸ್ ಬಂದು ಏಸಸ್‌ಗೆ ಆಡಿದ, ಆಗಲೇ ಎರಡು ಸ್ಟಾನ್ಲಿ ಕಪ್ ಗೆದ್ದಿದ್ದವನು, ಆ ಸೀಸನ್ನಿನಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ ಮಾಡಿ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ.

2003ರಲ್ಲಿ ಇಸಿಎಚ್‌ಎಲ್ ನಾವಿದ್ದ ವೆಸ್ಟ್ ಕೋಸ್ಟ್ ಲೀಗಿನ ತಂಡಗಳನ್ನು ಸೇರಿಸಿಕೊಂಡಾಗ ಪಶ್ಚಿಮದಲ್ಲಿ ನಮಗೆ ಎದುರಾಳಿಗಳು ತುಂಬಾ ಇದ್ದರು. ಫ್ರೆಸ್ನೊ, ಬೇಕರ್ಸ್‌ಫೀಲ್ಡ್, ಸ್ಯಾನ್ ಡಿಯೇಗೊ, ಲಾಂಗ್ ಬೀಚ್, ಲಾಸ್ ವೇಗಸ್, ಐಡಹೊ. ಆ ವರ್ಷ ಲೀಗಿನಲ್ಲಿ 31 ತಂಡ. ಆಮೇಲೆ ಒಂದೊಂದೇ ಉದುರಿತು. ಫ್ರೆಸ್ನೊ ಫಾಲ್ಕನ್ಸ್ ಬಾಗಿಲು ಹಾಕಿದ್ದು 2008ರ ಡಿಸೆಂಬರ್ 22ರಂದು, ಸೀಸನ್ ಮಧ್ಯದಲ್ಲಿ, ಕ್ರಿಸ್‌ಮಸ್‌ಗೆ ಮೂರೇ ದಿನ ಇತ್ತು. ಮನೆಯೂ ತಂಡದ್ದೇ ಅಂದಮೇಲೆ ಆಟಗಾರರ ಸ್ಥಿತಿ ಯೋಚಿಸಿ. ಅದೇ ತಿಂಗಳ ಶುರುವಿನಲ್ಲಿ ಜಾರ್ಜಿಯಾದ ಆಗಸ್ಟಾ ಲಿಂಕ್ಸ್ ಕೂಡ ಹೀಗೇ ಮುಚ್ಚಿತ್ತು.

2015ರಲ್ಲಿ ಎಎಚ್‌ಎಲ್ ಕ್ಯಾಲಿಫೋರ್ನಿಯಾಕ್ಕೆ ಬಂದು ನಮ್ಮ ಉಳಿದ ನೆರೆಯವರನ್ನೂ ಎಬ್ಬಿಸಿತು. 2017ಕ್ಕೆ ಏಸಸ್ ಮುಗಿಯಿತು. ಸದಸ್ಯತ್ವ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹೋಗಿ ಮೇನ್ ಮ್ಯಾರಿನರ್ಸ್ ಆಯಿತು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ. ಪೋರ್ಟ್‌ಲ್ಯಾಂಡ್‌ನಲ್ಲಿ ಕೂತು ಹಾಕಿ ನೋಡುವವನಿಗೆ ಗೋಮೆಜ್ ಊರಿಗೆ ಬಂದ ಆ ಚಳಿಗಾಲ ಹೇಗೆ ಸೇರಿದ್ದಾಗುತ್ತದೆ? ಅವರು ಹೆಸರಿಟ್ಟುಕೊಂಡಿದ್ದೂ ಎಪ್ಪತ್ತರ ದಶಕದ ತಮ್ಮದೇ ಊರಿನ ಹಳೆ ತಂಡದ್ದು. ಅವರು ಮಾಡಿದ್ದೇ ಸರಿ.

ಬಾಯ್ಸಿ ಲೆಕ್ಕಿಗ:

ನಾನು ಬೇರೆ ಕಡೆ ನಿಲ್ಲುತ್ತೇನೆ. ಎಲ್ಲರೂ ಊರು ಊರು ಅಂದರೆ ಲೀಗ್ ಹೇಗೆ ಬದುಕಬೇಕು? ಸದಸ್ಯತ್ವಕ್ಕೆ ಬೆಲೆ ಇರುವುದರಿಂದಲೇ ಸೋತ ಮಾಲೀಕ ಅದನ್ನು ಮಾರಿ ಸಾಲ ತೀರಿಸುತ್ತಾನೆ, ಹೊಸಬ ಕೊಂಡುಕೊಳ್ಳುತ್ತಾನೆ. ಆ ದಾರಿ ಇಲ್ಲದಿದ್ದರೆ ಹೋದ ತಂಡ ಹೋಯಿತು ಅಷ್ಟೇ. ಈ ದಾರಿಯಲ್ಲೇ 2025–26ಕ್ಕೆ ಲೀಗ್ 30 ತಂಡ ಮುಟ್ಟಿದೆ. ಇನ್ನೆರಡು ಬಂದರೆ ಎನ್‌ಎಚ್‌ಎಲ್‌ನ ಪ್ರತಿ ತಂಡಕ್ಕೂ ಒಂದೊಂದು.

ವೀಲಿಂಗ್ ನೇಲರ್ಸ್ ನೋಡಿ. 1988ರ ಕೆರೊಲಿನಾ ಥಂಡರ್‌ಬರ್ಡ್ಸ್ ಅದೇ. ವಿನ್‌ಸ್ಟನ್-ಸೇಲಂನಿಂದ 1992ರಲ್ಲಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ಗೆ ಬಂತು, ಹೆಸರು ಬದಲಾಗಿದ್ದು 1996ರಲ್ಲಿ. ಲೀಗಿನ ಮೊದಲ ವರ್ಷದಿಂದ ಒಂದೂ ಸೀಸನ್ ತಪ್ಪಿಸದೆ ನಡೆದುಬಂದ ಸದಸ್ಯತ್ವ ಅದು. ಅಷ್ಟು ಚಿಕ್ಕ ಊರಿನವರಿಗೆ ‘ಲೀಗ್ ಹುಟ್ಟಿದಾಗಿನಿಂದ ನಾವಿದ್ದೇವೆ’ ಅಂತ ಹೇಳಿಕೊಳ್ಳಲು ಇರುವುದು ಆ ಕಾಗದವೇ. ಅದನ್ನು ಯಾಕೆ ಕಿತ್ತುಕೊಳ್ಳಬೇಕು?

ನಮ್ಮ ಐಡಹೊ ಸ್ಟೀಲ್‌ಹೆಡ್ಸ್‌ಗೆ ಈ ತಾಪತ್ರಯ ಬಂದಿಲ್ಲ, 1997ರಿಂದ ಬಾಯ್ಸಿಯಲ್ಲೇ ಇದ್ದೇವೆ. ಅರೀನಾ ಡೌನ್‌ಟೌನ್ ನಡುವೆಯೇ ಇದೆ, ಜನ ನಡೆದುಕೊಂಡು ಬರುತ್ತಾರೆ. 2004, 2007ರಲ್ಲಿ ಕಪ್ ಬಂತು. 2022–23ರಲ್ಲಿ 72ರಲ್ಲಿ 58 ಪಂದ್ಯ ಗೆದ್ದು ಫೈನಲ್‌ನಲ್ಲಿ ಫ್ಲಾರಿಡಾ ಎವರ್‌ಬ್ಲೇಡ್ಸ್ ಕೈಯಲ್ಲಿ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತೆವು, ಅದು ಇವತ್ತಿಗೂ ನೋವು. ಫ್ಲಾರಿಡಾ 2022, 2023, 2024 ಮೂರೂ ವರ್ಷ ಗೆದ್ದಿತು, ಅಷ್ಟು ಗಟ್ಟಿ ತಂಡ ಈ ಲೀಗಿನಲ್ಲಿ ಬೇರೆ ಬಂದಿಲ್ಲ ಅಂತ ನನ್ನ ನಂಬಿಕೆ. ಯಾಕೆಂದರೆ ಇಲ್ಲಿ ಪ್ರತಿ ವರ್ಷ ಮುಕ್ಕಾಲು ತಂಡ ಹೊಸದು. ಒಂದೇ ವರ್ಷದ ಕರಾರು, ಚೆನ್ನಾಗಿ ಆಡಿದವನು ಎಎಚ್‌ಎಲ್‌ಗೆ ಹೋದ, 260 ಪಂದ್ಯ ದಾಟಿದ ಅನುಭವಿಗಳನ್ನು ಒಂದು ಪಂದ್ಯದಲ್ಲಿ ನಾಲ್ಕೇ ಜನರನ್ನು ಇಳಿಸಬಹುದು. ಬಾಕಿಯೆಲ್ಲ ಹೊಸ ಹುಡುಗರು. ಇಂಥದ್ದರಲ್ಲಿ ಮೂರು ಸಲ ಸತತ ಅಂದರೆ ಆಟಗಾರರನ್ನು ಹುಡುಕಿ ತರುವ ಕೋಚ್‌ಗೆ ಕೈ ಮುಗಿಯಬೇಕು.

ಟೊಲೆಡೊ ಅಕ್ಕ:

ಲೆಕ್ಕಿಗರೇ, ವೀಲಿಂಗ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುವಂಥದ್ದೇ. ಆದರೆ ಇಂಡಿಯಾನಾದ ಫೋರ್ಟ್ ವೇನ್ ಕಥೆ ಕೇಳಿ. ನಮ್ಮಿಂದ ಎರಡು ಗಂಟೆಯ ದಾರಿ, ನಮಗೆ ದೊಡ್ಡ ಎದುರಾಳಿಗಳು, ಆದರೂ ಅವರನ್ನು ಹೊಗಳಲೇಬೇಕು.

ಫೋರ್ಟ್ ವೇನ್ ಕೋಮೆಟ್ಸ್ 1952ರಿಂದ ಇದೆ. 1990ರಲ್ಲಿ ಆಗಿನ ಮಾಲೀಕ ತಂಡವನ್ನು ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಎತ್ತಿಕೊಂಡು ಹೋದ. ಕಾಗದದ ಪ್ರಕಾರ ಕೋಮೆಟ್ಸ್ ಅಲ್ಲಿಗೆ ಹೋಯಿತು, ಹೆಸರು ಆಲ್ಬನಿ ಚಾಪರ್ಸ್. ಆಗ ಊರಿನವರೇ ಆದ ಫ್ರಾಂಕೆ ಸಹೋದರರು ಏನು ಮಾಡಿದರು ಗೊತ್ತಾ? ಮಿಷಿಗನ್‌ನ ಫ್ಲಿಂಟ್ ಸ್ಪಿರಿಟ್ಸ್ ತಂಡವನ್ನು ಕೊಂಡು ಫೋರ್ಟ್ ವೇನ್‌ಗೆ ತಂದು ಕೋಮೆಟ್ಸ್ ಅಂತಲೇ ಹೆಸರಿಟ್ಟರು. ಅದೇ ಬಣ್ಣ, ಅದೇ ದಾಖಲೆ, ಅದೇ ಅರೀನಾ. ಆಲ್ಬನಿಯ ತಂಡ ಮೊದಲ ಸೀಸನ್ ಮುಗಿಯುವ ಮೊದಲೇ ಮುಚ್ಚಿತು. ಕೋಮೆಟ್ಸ್ ಆಮೇಲೆ ಒಂದಾದ ಮೇಲೆ ಒಂದು ಲೀಗ್ ಬದಲಾಯಿಸಿ 2012ರಲ್ಲಿ ಇಸಿಎಚ್‌ಎಲ್‌ಗೆ ಬಂತು, 2021ರಲ್ಲಿ ಕೆಲ್ಲಿ ಕಪ್ ಗೆದ್ದಿತು. ಇವತ್ತು ಯಾರನ್ನು ಕೇಳಿದರೂ ಕೋಮೆಟ್ಸ್ ಹುಟ್ಟಿದ್ದು 1952ರಲ್ಲಿ ಅಂತಲೇ ಹೇಳುತ್ತಾರೆ, ಫ್ಲಿಂಟ್ ಲೆಕ್ಕ ಯಾರೂ ಎತ್ತುವುದಿಲ್ಲ. ಸದಸ್ಯತ್ವ ಫ್ಲಿಂಟ್‌ನದು, ತಂಡ ಫೋರ್ಟ್ ವೇನ್‌ನದು. ಇದು ಆಗಬಹುದು ಅಂತ ಅವರು ಮೂವತ್ತೈದು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ.

ಒಹಾಯೊದ ನಮ್ಮ ಟೊಲೆಡೊದಲ್ಲೂ 2007ರಲ್ಲಿ ಹಳೆ ಸ್ಪೋರ್ಟ್ಸ್ ಅರೀನಾ ಕೆಡವಿದರು. ಟೊಲೆಡೊ ಸ್ಟಾರ್ಮ್ ನಿಂತಿತು. ಎರಡು ಚಳಿಗಾಲ ಊರಿನಲ್ಲಿ ಹಾಕಿಯೇ ಇಲ್ಲ. 2009ರಲ್ಲಿ ಹೊಸ ಅರೀನಾ ಹಂಟಿಂಗ್ಟನ್ ಸೆಂಟರ್ ಎದ್ದು ವಾಲೈ ಎಂಬ ತಂಡ ಬಂತು. ಊರಿನವರು ಸದಸ್ಯತ್ವ ಕೈಬಿಡದೆ ಇಟ್ಟುಕೊಂಡಿದ್ದರಿಂದ ಇದು ಸಾಧ್ಯವಾಯಿತು. ಸ್ಟಾರ್ಮ್ 1993, 1994ರಲ್ಲಿ ಗೆದ್ದ ರೈಲಿ ಕಪ್ (ಆಗಿನ ಇಸಿಎಚ್‌ಎಲ್ ಕಪ್) ನಮ್ಮದೇ ಅಂತ ಹೇಳುತ್ತೇವೆ. ವಾಲೈ ಮಾತ್ರ 2019, 2022, 2025 ಮೂರು ಫೈನಲ್ ಆಡಿ ಮೂರನ್ನೂ ಸೋತಿದೆ. ಆದರೂ ಹಂಟಿಂಗ್ಟನ್ ಸೆಂಟರ್ ತುಂಬುತ್ತದೆ, ಮಾರ್ಚ್ ತಿಂಗಳಲ್ಲಿ ಟಿಕೆಟ್ ಸಿಗುವುದು ಕಷ್ಟ.

ಮೈಸೂರಿನಿಂದ ನಾರ್ಫೋಕ್‌ಗೆ:

2015ರ ಅದಲುಬದಲು ಬಗ್ಗೆ ಆಂಕರೇಜ್‌ನವರು ಒಂದೇ ಸಾಲಿನಲ್ಲಿ ಹೇಳಿದರು. ನಾನು ವರ್ಜೀನಿಯಾದ ನಾರ್ಫೋಕ್‌ನಲ್ಲಿರುವುದು, ಅದು ನಮ್ಮ ಮೇಲೆ ನೇರವಾಗಿ ಬಿತ್ತು. ಸ್ವಲ್ಪ ನಿಧಾನವಾಗಿ ಓದಿ, ಗೊಂದಲ ಆಗುತ್ತದೆ.

ನಮ್ಮ ಎಎಚ್‌ಎಲ್ ಅಡ್ಮಿರಲ್ಸ್ ಸ್ಯಾನ್ ಡಿಯೇಗೊಗೆ ಹೋಗಿ ಗಲ್ಸ್ ಆಯಿತು. ಒಕ್ಲಹೋಮ ಸಿಟಿಯ ಎಎಚ್‌ಎಲ್ ತಂಡ ಬೇಕರ್ಸ್‌ಫೀಲ್ಡ್‌ಗೆ ಹೋಗಿ ಕಾಂಡರ್ಸ್ ಆಯಿತು. ಅಲ್ಲಿದ್ದ ಇಸಿಎಚ್‌ಎಲ್ ಕಾಂಡರ್ಸ್ ನಮ್ಮ ನಾರ್ಫೋಕ್‌ಗೆ ಬಂದು ಅಡ್ಮಿರಲ್ಸ್ ಆಯಿತು. ಹೆಸರು ಯಾವುದೂ ಊರು ಬಿಡಲಿಲ್ಲ, ಸದಸ್ಯತ್ವ ಎಲ್ಲವೂ ಬಿಟ್ಟಿತು. ಹಾಗೆಯೇ ಕ್ಯಾಲಿಫೋರ್ನಿಯಾದ ಒಂಟಾರಿಯೊ ರೇನ್ ಮತ್ತು ನ್ಯೂಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಮೊನಾರ್ಕ್ಸ್ ಜಾಗ ಬದಲಾಯಿಸಿಕೊಂಡವು. ಮ್ಯಾಂಚೆಸ್ಟರ್‌ನವರು ಅದೇ ವಸಂತದಲ್ಲಿ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಿದ್ದರು. ಕಪ್ ಗೆದ್ದ ತಂಡ ಬೇಸಿಗೆಯಲ್ಲಿ ಇಲ್ಲ, ಬದಲಿಗೆ ಒಂದು ಮೆಟ್ಟಿಲು ಕೆಳಗಿನ ತಂಡ ಅದೇ ಹೆಸರಲ್ಲಿ ಬಂತು. 2019ಕ್ಕೆ ಅದೂ ಮುಚ್ಚಿತು.

ಈಗ ನಮ್ಮ ಅರೀನಾಕ್ಕೆ ಬನ್ನಿ, ನಾರ್ಫೋಕ್ ಸ್ಕೋಪ್. ಇಲ್ಲಿ ಮೊದಲು ಆಡುತ್ತಿದ್ದ ಹ್ಯಾಂಪ್ಟನ್ ರೋಡ್ಸ್ ಅಡ್ಮಿರಲ್ಸ್ 1991, 1992, 1998ರಲ್ಲಿ ಇಸಿಎಚ್‌ಎಲ್ ಕಪ್ ಗೆದ್ದಿದೆ. 2012ರ ಎಎಚ್‌ಎಲ್ ತಂಡ ಸತತ 28 ಪಂದ್ಯ ಗೆದ್ದು ಕಾಲ್ಡರ್ ಕಪ್ ಎತ್ತಿತು. ಕಾಗದ ನೋಡಿದರೆ ಈಗಿನದೂ ಸೇರಿ ಇವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ತಂಡ. ಇಲ್ಲಿ ಆಟ ನೋಡಿ ಬೆಳೆದ ನನ್ನ ಮಗಳಿಗೆ ಇದನ್ನು ವಿವರಿಸಿದರೆ ಅವಳು ನಂಬುವುದಿಲ್ಲ. ‘ಅಡ್ಮಿರಲ್ಸ್ ಯಾವಾಗಲೂ ಇಲ್ಲೇ ಇತ್ತಲ್ವಾ?’ ಅನ್ನುತ್ತಾಳೆ. ನಾನು ಹೌದು ಅನ್ನುತ್ತೇನೆ.

ಬಾಯ್ಸಿ ಲೆಕ್ಕಿಗ:

ಸರಿ, ಫೋರ್ಟ್ ವೇನ್ ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅಲ್ಲಿ ತಂಡ ಒಂದು ಸೀಸನ್ ಕೂಡ ತಪ್ಪಲಿಲ್ಲ. ಮಧ್ಯೆ ಹತ್ತು ವರ್ಷ ಖಾಲಿ ಬಿದ್ದ ಊರುಗಳ ಕಥೆ? ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಮೊನಾರ್ಕ್ಸ್ 1990ರಲ್ಲಿ ಕಪ್ ಗೆದ್ದಿತು, ಆಮೇಲೆ ಜನರಲ್ಸ್ ಬಂದು 2004ರಲ್ಲಿ ಹೋಯಿತು, ಆಮೇಲೆ ಎರಡು ದಶಕ ಏನೂ ಇಲ್ಲ, ಈಗ 2025ರಲ್ಲಿ ಗಾರ್ಗಾಯ್ಲ್ಸ್. 1990ರ ಕಪ್ ಇವರದ್ದಾ?

ಇನ್ನೊಂದು ವಿಷಯ. ಊರಿನ ಪಾಲು ಅಂತ ಜಾಸ್ತಿ ಎಳೆದರೆ ಕೊಲರಾಡೊ ಈಗಲ್ಸ್ ಆದ ಹಾಗೆ ಆಗುತ್ತದೆ. 2017, 2018ರಲ್ಲಿ ಕಪ್ ಗೆದ್ದು ಎಎಚ್‌ಎಲ್‌ಗೆ ಹೋದರು. ಕಪ್ ಸಮಯಕ್ಕೆ ಲೀಗಿಗೆ ವಾಪಸ್ ಬರಲಿಲ್ಲ. 2019ರಲ್ಲಿ ಗೆದ್ದ ನ್ಯೂಫೌಂಡ್‌ಲ್ಯಾಂಡ್‌ಗೆ ಹೊಸ ಕಪ್ ಮಾಡಿಸಿಕೊಡಬೇಕಾಯಿತು. ಇದು ನನಗೆ ಸರಿ ಕಾಣಲಿಲ್ಲ.

ಸಾಲ್ಟ್‌ಲೇಕ್ ಕನ್ನಡಿಗ:

ಕಪ್ ಬೇರೆ, ಇತಿಹಾಸ ಬೇರೆ. ಕಪ್ ಲೀಗಿನದು, ಗೆದ್ದವರ ಹೆಸರು ಅದರ ಮೇಲೆ ಕೆತ್ತಿ ಮುಂದಿನವರಿಗೆ ಕೊಡಬೇಕು. ಅದರಲ್ಲಿ ನಿಮ್ಮ ಜೊತೆ ಇದ್ದೇನೆ.

ಗ್ರೀನ್ಸ್‌ಬರೊ ವಿಷಯದಲ್ಲಿ ನನ್ನ ಉತ್ತರ, ಹೌದು. 1990ರ ಬ್ಯಾನರ್ ಆ ಊರಿನಲ್ಲೇ ಹಾರಬೇಕು. ಆಗ ಕಾಲೇಜಿನಲ್ಲಿದ್ದು ಪಂದ್ಯ ನೋಡಿದವರು ಈಗ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಅವರಿಗೆ ಇದು ಎರಡನೇ ಊಟ ಅಲ್ಲ, ನಿಂತಿದ್ದ ಊಟ ಮುಂದುವರಿದ ಹಾಗೆ.

ನೀವು ನ್ಯೂಫೌಂಡ್‌ಲ್ಯಾಂಡ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಕೆನಡಾದ ಆ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್ ಊರಿನ ಗ್ರೌಲರ್ಸ್ 2018ರಲ್ಲಿ ಬಂದು ಮೊದಲ ಸೀಸನ್ನಿನಲ್ಲೇ ಕಪ್ ಗೆದ್ದರು. ದ್ವೀಪ ಅದು, ಪ್ರತಿ ಪ್ರವಾಸಕ್ಕೂ ವಿಮಾನ. 2024ರ ಏಪ್ರಿಲ್ 2ರಂದು, ಸೀಸನ್ ಮುಗಿಯಲು ಕೆಲವೇ ಪಂದ್ಯ ಇದ್ದಾಗ, ಮಾಲೀಕರು ಬದ್ಧತೆ ಪೂರೈಸಲಿಲ್ಲ ಅಂತ ಲೀಗ್ ಸದಸ್ಯತ್ವವನ್ನೇ ರದ್ದು ಮಾಡಿತು. ಅಲ್ಲಿ ಯಾವ ಊರಿಗೂ ಕಾಗದ ಹೋಗಲಿಲ್ಲ. ನಿಮ್ಮ ನಿಯಮದ ಪ್ರಕಾರ 2019ರ ಕಪ್ ಈಗ ಯಾರದೂ ಅಲ್ಲ. ಈಗ ಆ ಊರಿಗೆ ಕ್ವಿಬೆಕ್ ಜೂನಿಯರ್ ಲೀಗಿನ ತಂಡ ಬಂದಿದೆ, ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟ್ ಅಂತ. ಅದೇ ಅರೀನಾದಲ್ಲಿ ಆಡುತ್ತಾರೆ. ಆ ಕಪ್ ಬಗ್ಗೆ ಹೆಮ್ಮೆ ಪಡುವವರು ಸೇಂಟ್ ಜಾನ್ಸ್‌ನವರೇ ತಾನೆ, ಇನ್ಯಾರು?

ಎಡಿಸನ್ ಗೌಡರು:

ತಡವಾಗಿ ಬಂದೆ, ಕ್ಷಮಿಸಿ. ನ್ಯೂಜೆರ್ಸಿಯವನು, ಗ್ರಿಜ್ಲೀಸ್ ಬರುತ್ತಿರುವುದು ನಮ್ಮ ಕಡೆಗೇ. ಸಾಲ್ಟ್‌ಲೇಕ್‌ನವರ ಬೇಜಾರು ಅರ್ಥವಾಗುತ್ತದೆ, ಯಾಕೆಂದರೆ ನಮಗೂ ಹಾಗೇ ಆಗಿತ್ತು. ಟ್ರೆಂಟನ್ ಟೈಟನ್ಸ್ 1999ರಲ್ಲಿ ಶುರುವಾಗಿ 2005ರಲ್ಲಿ ಕೆಲ್ಲಿ ಕಪ್ ಗೆದ್ದಿತು. 2007ರಲ್ಲಿ ಎನ್‌ಎಚ್‌ಎಲ್‌ನ ಡೆವಿಲ್ಸ್ ತಂಡದವರು ತಮ್ಮ ಹೆಸರಿಟ್ಟರು, 2011ರಲ್ಲಿ ಮತ್ತೆ ಟೈಟನ್ಸ್ ಆಯಿತು, 2013ರಲ್ಲಿ ಮುಚ್ಚಿತು. ಅಂದಿನಿಂದ ನಾವು ಹಾಕಿ ಬೇಕೆಂದರೆ ನ್ಯೂಯಾರ್ಕ್ ಹತ್ತಿರವೋ ಫಿಲಡೆಲ್ಫಿಯಾಕ್ಕೋ ಹೋಗಬೇಕು, ಇಲ್ಲವೇ ಪೆನ್ಸಿಲ್ವೇನಿಯಾದ ರೀಡಿಂಗ್‌ಗೆ. ಇಸಿಎಚ್‌ಎಲ್ ತಂಡ ಇರುವ ರೀಡಿಂಗ್ ಹತ್ತಿರದಲ್ಲೇ ಇದೆ, ಆದ್ದರಿಂದ ಟ್ರೆಂಟನ್‌ಗೆ ಬಸ್ ಖರ್ಚು ಕಡಿಮೆ. ಯೂಟಾದಲ್ಲಿ ನಿಮಗೆ ಹತ್ತಿರದ ಎದುರಾಳಿಯೇ ಐಡಹೊ, ಅದೂ ಐದು ಗಂಟೆ. ಮಾಲೀಕರ ಲೆಕ್ಕ ಅಷ್ಟೇ ಇರಬಹುದು.

ನಮಗೆ ಗ್ರಿಜ್ಲೀಸ್ ದಾಖಲೆ ಬೇಡ ಸ್ವಾಮಿ. ಬಂದ ಮೊದಲ ರಾತ್ರಿ ಅರೀನಾದಲ್ಲಿ 2005ರ ಬ್ಯಾನರ್ ಮೇಲೆ ಏರಿಸಿದರೆ ಸಾಕು. ನಿಮ್ಮದನ್ನು ನೀವು ಮಾವೆರಿಕ್ ಸೆಂಟರ್‌ನಲ್ಲೇ ಇಟ್ಟುಕೊಳ್ಳಿ. ಹಳೆಯ ಐಎಚ್‌ಎಲ್ ಲೀಗಿನ ಕಾಲದಲ್ಲಿ ಗ್ರಿಜ್ಲೀಸ್ ಹೆಸರಿನ ನಿಮ್ಮ ಮೊದಲಿನ ತಂಡ ಗೆದ್ದ ಟರ್ನರ್ ಕಪ್ ಕೂಡ ಇದೆಯಲ್ಲ?

ಸಾಲ್ಟ್‌ಲೇಕ್ ಕನ್ನಡಿಗ:

ಗೌಡರೇ, ನಿಮ್ಮ ಮಾತು ಓದಿ ಮನಸ್ಸಿಗೆ ಎಷ್ಟೋ ಹಗುರವಾಯಿತು. ಹೌದು, 1996ರ ಟರ್ನರ್ ಕಪ್. ಆ ಗ್ರಿಜ್ಲೀಸ್ ಡೆನ್ವರ್‌ನಿಂದ ಬಂದದ್ದು, ಕ್ವಿಬೆಕ್‌ನ ಎನ್‌ಎಚ್‌ಎಲ್ ತಂಡ ಡೆನ್ವರ್‌ಗೆ ಬಂದಾಗ ಅವರನ್ನು ಅಲ್ಲಿಂದ ಎಬ್ಬಿಸಿದರು. ಆಮೇಲೆ ಎಎಚ್‌ಎಲ್‌ಗೆ ಸೇರಿ 2005ರವರೆಗೆ ಆಡಿದ ಆ ಸದಸ್ಯತ್ವ ಕೊನೆಗೆ ಕ್ಲೀವ್‌ಲ್ಯಾಂಡ್‌ಗೆ ಹೋಯಿತು, ಈಗಿನ ಕ್ಲೀವ್‌ಲ್ಯಾಂಡ್ ಮಾನ್‌ಸ್ಟರ್ಸ್. ಅಂದರೆ ನಮ್ಮ ಹೆಸರಿನ ಎರಡು ಕಾಗದ ಎರಡು ಊರಿನಲ್ಲಿವೆ.

ಮತ್ತೊಂದು ಹೇಳುತ್ತೇನೆ. 2002ರ ಒಲಿಂಪಿಕ್ಸ್‌ನಲ್ಲಿ ಕೆನಡಾ 5–2ರಿಂದ ಅಮೆರಿಕಾವನ್ನು ಸೋಲಿಸಿ ಚಿನ್ನ ಗೆದ್ದದ್ದು ಇದೇ ಮಾವೆರಿಕ್ ಸೆಂಟರ್‌ನಲ್ಲಿ. ಐಸ್ ಮಾಡಲು ಬಂದಿದ್ದ ಕೆನಡಾದವರು ಒಂದು ಡಾಲರ್ ನಾಣ್ಯವನ್ನು ರಿಂಕಿನ ನಡುಮಧ್ಯೆ ಐಸ್ ಕೆಳಗೆ ಗುಟ್ಟಾಗಿ ಹೂತಿದ್ದರು. ಗ್ರಿಜ್ಲೀಸ್ ಹುಡುಗರು ಆಮೇಲೆ ಆಟ ಶುರುಮಾಡುವ ಫೇಸ್‌ಆಫ್ ತೆಗೆದುಕೊಂಡದ್ದು ಅದೇ ಜಾಗದಲ್ಲಿ. ಅದನ್ನು ಟ್ರೆಂಟನ್‌ಗೆ ಹೇಗೆ ಕಳಿಸುತ್ತಾರೆ?

ಯೂಟಾದಲ್ಲಿ ಇರುವವರು ಯಾರಾದರೂ ಬರುವುದಾದರೆ ಹೇಳಿ, ಅರೀನಾದವರಿಗೆ ಒಂದು ಪತ್ರ ಬರೆಯೋಣ ಅಂತಿದ್ದೇನೆ. ಟರ್ನರ್ ಕಪ್ ಬ್ಯಾನರ್, ಇಸಿಎಚ್‌ಎಲ್ ಕಾಲದ ಜರ್ಸಿಗಳು, ಇವನ್ನು ಲಾಬಿಯಲ್ಲಿ ಒಂದು ಗಾಜಿನ ಕಪಾಟಿನಲ್ಲಿ ಇಡಿ ಅಂತ. ಟೊಲೆಡೊ ಅಕ್ಕ, ಸ್ಟಾರ್ಮ್ ನೆನಪಿಗೆ ನಿಮ್ಮ ಊರಿನಲ್ಲಿ ಏನು ಮಾಡಿದ್ದಾರೆ ಅಂತ ಫೋಟೋ ಇದ್ದರೆ ಹಾಕಿ, ಪತ್ರದ ಜೊತೆ ಸೇರಿಸುತ್ತೇನೆ.

ಟೊಲೆಡೊ ಅಕ್ಕ:

ಶನಿವಾರ ಪಂದ್ಯಕ್ಕೆ ಹೋಗುತ್ತಿದ್ದೇನೆ, ತೆಗೆದು ಹಾಕುತ್ತೇನೆ. ಪತ್ರದ ಕರಡು ಇಲ್ಲೇ ಹಾಕಿ, ಎಲ್ಲರೂ ನೋಡಿ ತಿದ್ದೋಣ.